ನೂರ ಇಪ್ಪತ್ತೆಂಟರ ಅಂತರ

ನನಗೊಂದು ಚಟವಿದೆ. ಡೈರಿಯಲ್ಲಿ ಬರೆದುಕೊಳ್ಳಲೂ ನಾಚಿಕೆ. ಯಾರು ಏನು ಟೈಪ್ ಮಾಡಿ ಕೊಟ್ಟರೂ ಅವರು ಆಚೆ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಪ್ರತಿ ಅಕ್ಷರದ ಹಿಂದಿರುವ ಸಂಖ್ಯೆಯನ್ನು ನೋಡುತ್ತೇನೆ. ಬೇರೆಯವರ ಮನೆ ಕಿಟಕಿಯಲ್ಲಿ ಇಣುಕಿದ ಹಾಗೆ. ಇದು ಕೆಲಸವೋ ಕಾಯಿಲೆಯೋ ಎಂದು ಒಬ್ಬಳೇ ಇದ್ದಾಗ ಚಿಂತೆ ಹತ್ತುತ್ತದೆ.

ಇವತ್ತು ಆ ಚಿಂತೆ ಅರ್ಧಕ್ಕೇ ತುಂಡಾಯಿತು. ಸ್ಟಿಕ್ಕರ್ ಮಿಷನ್ನು ಗರ್ರೆಂದು ಒಂದು ತುಂಡು ಉಗುಳಿತು. ಅದರ ಮೊದಲ ಅಕ್ಷರದ ಜಾಗದಲ್ಲಿ ಖಾಲಿ ಚೌಕ.

"ಪ್ರಿಂಟು ಬಂತೇನ್ರಿ ರಮ್ಯಶ್ರೀ?" ಹೊರಗಿನಿಂದ ಹೆಡ್ ಕಾನ್‌ಸ್ಟೇಬಲ್ ಓಬುಲೇಶ್ ಕೂಗಿದರು. "ಇಲ್ಲಿ ಕುಂತು ಕುಂತು ಮೂರನೇ ಚಾ ಆತು."

"ಬೋಂಡಾನೂ ತರಿಸ್ಲೇನಣ್ಣ?" ಇದು ವಾಗೀಶ್, ನಮ್ಮ ಜೀನ್ಸ್ ಯೂನಿಟ್ ಓನರ್ ಮಗ. "ಮದಿವಿ ಊಟ ಅಂತ ತಿಳ್ಕೊಂಡು ತಿನ್ರಿ. ಇಷ್ಟೊತ್ತಿಗೆ ಹುಡುಗಿ ಎಲ್ಲೋ ತಾಳಿ ಕಟ್ಟಿಸ್ಕೊಂಡಿರ್ತಾಳ."

ಯಾರೋ ನಕ್ಕರು. ಪಾಕೆಟ್ ಹೊಲಿಯುವ ಸಾಲಿನಿಂದಲೂ ಒಂದೆರಡು ನಗು ಕೇಳಿಸಿತು. ಆ ನಗುವಿನ ನಡುವೆ ಮೆಟ್ಟಿಲ ಮೇಲೆ ಲಕ್ಷ್ಮಕ್ಕ ಕೂತಿದ್ದಳು. ನಮ್ಮ ಟೈಲರ್ ಉಷಾಳ ತಾಯಿ.

ಉಷಾ ಹೋದ ವಾರದಿಂದ ಕಾಣೆ. ಅವಳ ಹೆಸರಲ್ಲಿ ತಾಯಿಯ ಫೋನಿಗೆ ಬಂದದ್ದು ಒಂದೇ ಒಂದು ಮೆಸೇಜು. ಅದನ್ನು ನೋಡಿದ ದಿನವೇ ಪೊಲೀಸರು ಹುಡುಕುವುದನ್ನು ಬಿಟ್ಟರು.

"ನಿನ್ ಮಗಳು ಇಪ್ಪತ್ತು ದಾಟ್ಯಾಳೋ ಇಲ್ಲೋ?" ಓಬುಲೇಶ್ ಕೇಳುತ್ತಿದ್ದರು.

"ದಾಟ್ಯಾಳ್ರಿ."

"ಮತ್ತ? ಮೇಜರು. ಹೊಂಟೀನಿ ಅಂತ ತಾನೇ ಬರ್ದಾಳ. ಇನ್ನ ನಾವು ಯಾರನ್ನ ಹುಡುಕಾನು? ಈ ಪೇಪರಿಗೆ ಒಂದು ಹೆಬ್ಬೆಟ್ಟು ಒತ್ತಿ, ಸಂಜಿ ಬಸ್ಸಿಗೆ ಮೊಳಕಾಲ್ಮೂರು ಕಡಿ ಹೋಗಿಬಿಡು."

"ನಂಗ ಓದಾಕ ಬರಲ್ರಿ ಸಾಹೇಬ್ರ. ಅದಕ್ಕ ಆಕಿ ಏನಿದ್ರೂ ಮಾತಾಡೇ ಕಳಸ್ತಿದ್ಲು. ಬರ್ದು ಕಳಸಿದ್ದು ಇದೇ ಮೊದಲು."

"ಓಡಿಹೋಗೋರು ಭಾಷಣ ಮಾಡಿ ಹೋಗ್ತಾರೇನವ್ವ?" ಎಂದ ವಾಗೀಶ್.

ಮತ್ತೆ ನಗು. ಲಕ್ಷ್ಮಕ್ಕ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನನ್ನು ಎದೆಗೆ ಒತ್ತಿಕೊಂಡು, ಎಲ್ಲರ ಮುಖವನ್ನೂ ಸರದಿಯಲ್ಲಿ ನೋಡಿದಳು. ನಕ್ಕವರಲ್ಲಿ ಯಾರಾದರೂ ಒಬ್ಬರು ನಿಲ್ಲಿಸುತ್ತಾರೇನೋ ಎಂಬಂತೆ.

ನಾನು ಬಾಗಿಲು ಓರೆ ಮಾಡಿಕೊಂಡೆ.

ಓಬುಲೇಶ್ ಅವರಿಗೆ ಆ ಮೆಸೇಜಿನ ಒಂದು ಪ್ರಿಂಟು ಬೇಕಿತ್ತು, ಫೈಲಿಗೆ ಅಂಟಿಸಲು. ಆಫೀಸಿನ ದೊಡ್ಡ ಪ್ರಿಂಟರಿನಲ್ಲಿ ಇಂಕ್ ಮುಗಿದಿತ್ತು. ಲಕ್ಷ್ಮಕ್ಕನ ಫೋನಿನಿಂದ ಮೆಸೇಜನ್ನು ನನ್ನ ಕಂಪ್ಯೂಟರಿಗೆ ಕಳಿಸಿಕೊಂಡು, ಜೀನ್ಸ್ ಬಂಡಲುಗಳಿಗೆ ಅಂಟಿಸುವ ಸ್ಟಿಕ್ಕರ್ ರೋಲಿನ ಮೇಲೇ ಪ್ರಿಂಟ್ ಕೊಟ್ಟಿದ್ದೆ.

ಸ್ಟಿಕ್ಕರಿನ ಮೇಲೆ ಹೀಗಿತ್ತು:

"□ಪ್ಪಿದೋರ ಜೊತಿಗೆ ಹೊಂಟೀನವ್ವ. ನನ್ನ ಹುಡುಕಬ್ಯಾಡ. ಒಂದಿನ ನಾನೇ ಬರ್ತೀನಿ."

ಪರದೆಯ ಮೇಲೆ ನೋಡಿದೆ. ಅಲ್ಲಿ ಚೌಕವಿಲ್ಲ. 'ಒಪ್ಪಿದೋರ' ಎಂದು ಸ್ಪಷ್ಟವಾಗಿದೆ. ಕೊನೆಯ ಸಾಲಿನ 'ಒಂದಿನ'ದ ಒ ಸ್ಟಿಕ್ಕರಿನಲ್ಲೂ ನೆಟ್ಟಗೆ ಬಿದ್ದಿದೆ. ಒಂದೇ ಅಕ್ಷರ, ಒಂದೇ ಮೆಸೇಜು. ಒಂದು ಅಚ್ಚಾಗುತ್ತದೆ, ಇನ್ನೊಂದು ಆಗುವುದಿಲ್ಲ.

ಈ ಚೌಕ ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೈಲರುಗಳ ಹೆಸರಿನ ಸ್ಟಿಕ್ಕರುಗಳಲ್ಲಿ ಇಂಥ ಚೌಕಗಳು ಕಂಡು ಬೈಸಿಕೊಂಡಿದ್ದೆ. ನಮ್ಮ ಮಾಲು ಕೊಳ್ಳುವ ಬಳ್ಳಾರಿ ಸೇಟುಗಳಿಗೆ ಕನ್ನಡದ ಸ್ಟಿಕ್ಕರೇ ಬೇಕೆಂದು ಆ ಮಿಷನ್ನಿಗೆ ಕನ್ನಡ ಅಕ್ಷರ ಮಾತ್ರ ತುಂಬಿದ್ದಾರೆ. ತೆಲುಗಿನದು ಒಂದು ನುಸುಳಿದರೂ ಅದಕ್ಕೆ ಗುರುತು ಸಿಗುವುದಿಲ್ಲ, ಚೌಕ ಬರೆದು ಮುಂದೆ ಹೋಗುತ್ತದೆ. ಆಗಲೇ ನಾನು ನಾಲ್ಕು ಸಾಲಿನ ಪ್ರೋಗ್ರಾಮೊಂದನ್ನು ಬರೆದುಕೊಂಡದ್ದು. ಪದ ಕೊಟ್ಟರೆ ಅದರ ಒಂದೊಂದು ಅಕ್ಷರಕ್ಕೂ ಕಂಪ್ಯೂಟರು ಒಳಗೊಳಗೆ ಇಟ್ಟುಕೊಂಡಿರುವ ಸಂಖ್ಯೆಯನ್ನು ಅದು ತೋರಿಸುತ್ತದೆ. ಕಣ್ಣಿಗೆ ಮೋಸವಾದರೂ ಸಂಖ್ಯೆಗೆ ಆಗುವುದಿಲ್ಲ.

ಕನ್ನಡದ ಅಕ್ಷರಗಳ ಓಣಿ ಮೂರು ಸಾವಿರದ ಇನ್ನೂರರಿಂದ ಶುರುವಾಗುತ್ತದೆ. ತೆಲುಗಿನವರು ಅದರ ಹಿಂದಿನ ಓಣಿಯಲ್ಲಿದ್ದಾರೆ. ಎರಡು ಓಣಿಯಲ್ಲೂ ಮನೆಗಳು ಒಂದೇ ವರಸೆಯಲ್ಲಿವೆ. ಹಾಗಾಗಿ ಕನ್ನಡದ ಯಾವ ಅಕ್ಷರದಿಂದಲೂ ಸರಿಯಾಗಿ ನೂರ ಇಪ್ಪತ್ತೆಂಟು ಕಳೆದರೆ ತೆಲುಗಿನ ಅದೇ ಅಕ್ಷರ ಸಿಗುತ್ತದೆ.

ಮೆಸೇಜನ್ನು ಪ್ರೋಗ್ರಾಮಿಗೆ ಹಾಕಿದೆ.

'ಒಂದಿನ'ದ ಒ: 3218. ಕನ್ನಡ.

'ಒಪ್ಪಿದೋರ'ದ ಒ: 3090.

ಕೂಡಿ ಕಳೆದು ನೋಡುವ ಅಗತ್ಯವಿರಲಿಲ್ಲ.

ಉಷಾಗೆ ತೆಲುಗು ಮಾತು ಬರುತ್ತಿತ್ತು, ತೆಲುಗು ಅಕ್ಷರ ಬರುತ್ತಿರಲಿಲ್ಲ. ಅವಳು ಓದಿದ್ದೆಲ್ಲ ಮೊಳಕಾಲ್ಮೂರು ಕಡೆ. ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಿಸಿಕೊಳ್ಳಲು ನನ್ನ ತೋಳು ಎಳೆಯುತ್ತಿದ್ದಳು. ಅವಳ ಫೋನನ್ನು ನಾನು ಎಷ್ಟು ಸಲ ಹಿಡಿದಿಲ್ಲ! ಅದರಲ್ಲಿ ತೆಲುಗು ಕೀಬೋರ್ಡೇ ಇರಲಿಲ್ಲ.

ಕನ್ನಡ, ತೆಲುಗು ಎರಡೂ ಕೀಬೋರ್ಡು ಇದ್ದದ್ದು ಈ ಕಂಪ್ಯೂಟರಿನಲ್ಲಿ. ನನ್ನ ಮುಂದಿರುವುದರಲ್ಲಿ.

ನಮ್ಮ ಯೂನಿಟ್ ಇರುವ ರಾಯದುರ್ಗ ಗಡಿಯ ತೆಲುಗು ಕಡೆಗೆ ಸೇರಿದ್ದು. ಆಫೀಸ್ ಕಾಗದಪತ್ರಗಳೆಲ್ಲ ತೆಲುಗಿನಲ್ಲಿರುವುದರಿಂದ ಇದು ಯಾವಾಗಲೂ ತೆಲುಗಿನಲ್ಲೇ ತೆರೆದುಕೊಳ್ಳುತ್ತದೆ. ಕನ್ನಡ ಬೇಕಾದವರು ಮೊದಲು ಬದಲಿಸಿಕೊಳ್ಳಬೇಕು. ಎರಡಕ್ಕೂ ಕೀಲಿಗಳು ಒಂದೇ. ಬದಲಿಸಲು ಮರೆತವನು ಒ ಒತ್ತಿದರೆ ತೆಲುಗಿನ ಒ ಬೀಳುತ್ತದೆ, ನೋಡಲು ತದ್ರೂಪು. ಮುಂದೆ ಪ ಒತ್ತುತ್ತಲೇ ಅದು ತಲೆಯ ಮೇಲೆ ತೆಲುಗಿನ ಗೀಟು ಎತ್ತಿಕೊಂಡು ನಿಲ್ಲುತ್ತದೆ. ಆಗ ಎಚ್ಚರ. ಪ ಅಳಿಸುತ್ತಾನೆ, ಕನ್ನಡಕ್ಕೆ ಬರುತ್ತಾನೆ, ಮುಂದುವರಿಯುತ್ತಾನೆ. ಒ ಹಾಗೇ ಉಳಿಯುತ್ತದೆ, ಅವನ ಕಣ್ಣಿಗೆ ಅದು ಸರಿಯಾಗೇ ಇದೆ.

ಬೆಂಗಳೂರಿನವನಿಗೆ ಈ ತಪ್ಪು ಆಗದು, ಹೈದರಾಬಾದಿನವನಿಗೂ ಆಗದು. ಎರಡು ಲಿಪಿಗಳನ್ನೂ ಒಂದೇ ಕಣ್ಣಿನಿಂದ ಓದಿ ಬೆಳೆದ ನಮ್ಮ ಕಡೆಯವರು ಮಾತ್ರ ಹೀಗೆ ತಪ್ಪುತ್ತಾರೆ.

ಉಷಾಳ ವಾಟ್ಸಾಪನ್ನು ಈ ಕಂಪ್ಯೂಟರಿಗೆ ಜೋಡಿಸಿದ್ದವಳು ನಾನೇ. ಅವಳ ಪಿ.ಎಫ್. ಕೆಲಸಕ್ಕೆ ಆಧಾರ್ ಫೋಟೋ ಬೇಕಿತ್ತು. ಕೆಲಸ ಮುಗಿದ ಮೇಲೆ ಯಾರೂ ಅದನ್ನು ಮುಚ್ಚಿರಲಿಲ್ಲ.

ಪಾಸ್‌ವರ್ಡ್ ಗೊತ್ತಿರುವವರು ಮೂವರು. ಒಬ್ಬಳು ನಾನು. ಒಬ್ಬ ವಾಗೀಶ್. ಇನ್ನೊಬ್ಬ ಲೈನ್ ಸೂಪರ್‌ವೈಸರ್ ನರೇಶ್. ನನ್ನ ಅಣ್ಣ.

ವಾಗೀಶನೇ ಇರಲಿ ಎಂದು ಬೇಡಿಕೊಂಡೆ. ನಿಜ ಹೇಳುತ್ತೇನೆ, ಒಬ್ಬ ಮನುಷ್ಯ ಪಾಪಿಯಾಗಿರಲಿ ಎಂದು ಅಷ್ಟು ಭಕ್ತಿಯಿಂದ ನಾನು ಯಾವತ್ತೂ ಬೇಡಿಕೊಂಡಿರಲಿಲ್ಲ. ಅವನ ಮೇಲೆ ಅನುಮಾನಕ್ಕೆ ಕಾರಣಗಳೂ ಇದ್ದವು. ಉಷಾಳ ಮಿಷನ್ನಿನ ಹಿಂದೆ ನಿಂತು ಅವಳ ಜಡೆಗೆ ದಾರ ಕಟ್ಟಿ ನಗುತ್ತಿದ್ದ. ಹೊಲಿಗೆ ಸೊಟ್ಟಗಿದೆಯೆಂದು, ಬಿಚ್ಚಿ ಮತ್ತೆ ಹೊಲಿಯಲು ಅವಳೊಬ್ಬಳನ್ನೇ ಕೂರಿಸುತ್ತಿದ್ದ. ಕಾಣೆಯಾಗುವ ಹಿಂದಿನ ದಿನ ಅವಳು ಎಲ್ಲರೆದುರು, "ಕೈ ಮುಟ್ಟಿದ್ರ ಕತ್ತರಿ ಹಾಕ್ತೀನಿ," ಅಂದಿದ್ದಳು. ಇಡೀ ಲೈನು ಕೇಳಿತ್ತು. ಆದರೆ ಪೊಲೀಸರೆದುರು ಇಡೀ ಲೈನಿಗೆ ಕಿವುಡು.

ವಾಗೀಶ್ ಟೈಪ್ ಮಾಡಿದ ಕನ್ನಡ ನೋಟೀಸುಗಳನ್ನು ತೆರೆದೆ. ಅವನು ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗಿ ಮೂಡುವ ಬೇರೆ ವಿಧಾನ ಅವನದು. ಪೂರಾ ಪದ ಒಟ್ಟಿಗೇ ಬೀಳುತ್ತದೆ. ಎಲ್ಲ ನೋಟೀಸುಗಳನ್ನೂ ಬಿಡಿಸಿದೆ. ಒಂದೇ ಒಂದು ಅಕ್ಷರವೂ ಆಚೆ ಓಣಿಗೆ ಹೋಗಿರಲಿಲ್ಲ.

ಅಣ್ಣನ ನೋಟೀಸುಗಳು ಉಳಿದವು.

"ಓಟಿ ಇರೋರು ಗೇಟಿನ ಹತ್ತಿರ ನಿಲ್ಲಬೇಕು." ಮೊದಲ ಅಕ್ಷರ 3091. ತೆಲುಗು.

"ಇವತ್ತು ಕರೆಂಟ್ ಇಲ್ಲ." ಮೊದಲ ಅಕ್ಷರ 3079. ತೆಲುಗು.

"ಒಂದನೇ ಲೈನಿನವರು ರಜೆ ಕೇಳಬಾರದು." 3090.

ಇನ್ನು ತೆರೆಯಲಿಲ್ಲ.

"ಏನಮ್ಮಿ, ಒಂದು ಪ್ರಿಂಟು ತಗಿಯಾಕೆ ಇಷ್ಟೊತ್ತಾ?"

ಅಣ್ಣ ಒಳಗೆ ಬಂದಿದ್ದ. ಅವನ ಅಂಗಿಯ ತೋಳಿಗೆ ನೀಲಿ ದಾರದ ಚೂರುಗಳು ಅಂಟಿದ್ದವು. ಬಾಗಿಲನ್ನು ಹಿಂದಿನಿಂದ ಮುಚ್ಚಿದ. ನಾವಿಬ್ಬರೇ ಇದ್ದಾಗ ನಮ್ಮ ಮಾತು ನಮ್ಮೂರು ಮಡಕಶಿರಾ ಕಡೆಗೇ ಹೊರಳುತ್ತದೆ.

"ಅದ್ಯಾಕೆ ನನ್ ನೋಟೀಸೆಲ್ಲ ತಗ್ದು ಕುಂತಿದೀಯ?"

"ಅಣ್ಣ, ಉಷಾಗೆ ತೆಲುಗು ಬರಿಯಾಕೆ ಬತ್ತಿರ್ಲಿಲ್ಲ."

"ಬತ್ತಿರ್ಲಿಲ್ಲ. ಅದಕ್ಕೇನೀಗ?"

"ಅವಳ ಮೆಸೇಜಲ್ಲಿ ತೆಲುಗು ಐತೆ."

ಅವನು ಬಗ್ಗಿ ನೋಡಿದ. ನಿಜವಾಗಿಯೂ ಹುಡುಕಿದ. "ಎಲ್ಲೈತೆ? ಎಲ್ಲಾ ಕನ್ನಡವೇ ಐತಲ್ಲೆ."

ನಾನು ಸಂಖ್ಯೆಯ ಮೇಲೆ ಬೆರಳಿಟ್ಟೆ. ಆಮೇಲೆ ಅವನ ನೋಟೀಸಿನ ಸಂಖ್ಯೆಯ ಮೇಲೆ. ಆಮೇಲೆ ಚೌಕ ಬಿದ್ದ ಸ್ಟಿಕ್ಕರನ್ನು ಅವನ ಕೈಗೆ ಕೊಟ್ಟೆ. ಬಾಯಿಂದ ಹೇಳುವ ಧೈರ್ಯವಿಲ್ಲದೆ ಬೆರಳಿನಿಂದಲೇ ಎಲ್ಲ ಹೇಳಿ ಮುಗಿಸಿದೆ.

ಅಣ್ಣನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಕಂಪ್ಯೂಟರ್ ಡಿಗ್ರಿ ಓದುವುದಾದರೆ ಓದಲಿ ಎಂದು ಅಪ್ಪನೊಡನೆ ಕಿತ್ತಾಡಿದವನು ಅವನೇ. ಕಾಲೇಜಿಗೆ ಬಿಡಲು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಳಿಸಿ, ಅದೇ ಬೈಕಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದವನು.

"ಒಂದಕ್ಷರಕ್ಕಾ?" ಅಣ್ಣ ನಗಲು ನೋಡಿದ. "ಒಂದಕ್ಷರ ಇಡ್ಕೊಂಡು ಅಣ್ಣನ್ನ ಜೈಲಿಗೆ ಕಳಿಸ್ತೀಯಾ?"

ಜೈಲಿನ ಮಾತನ್ನು ನಾನು ಎತ್ತಿರಲಿಲ್ಲ.

"ನೀನೇ ಬರ್ದಿದ್ದಾ?"

"ಬರ್ದೋನು ನಾನು. ಬರ್ಸಿದೋನು ನಾನಲ್ಲ."

"ಯಾರು ಬರ್ಸಿದ್ದು? ವಾಗೀಶನಾ?"

"ಅದು ನಿಂಗೆ ಬ್ಯಾಡ."

"ಉಷಾ ಎಲ್ಲವ್ಳೆ?"

ಅವನು ತೋಳಿನ ಮೇಲಿನ ದಾರದ ಚೂರೊಂದನ್ನು ಕಿತ್ತು, ಬೆರಳಲ್ಲಿ ಉಂಡೆ ಮಾಡಿ, ಕೆಳಗೆ ಬಿಟ್ಟ. "ಅದೂ ಬ್ಯಾಡ."

"ಬದುಕವ್ಳಾ ಅಣ್ಣ?"

ಅಣ್ಣ ನನ್ನ ಕೈಯಿಂದ ಮೌಸ್ ಕಿತ್ತುಕೊಂಡ. ಯಾವುದೋ ಮೂಲೆಯಲ್ಲಿ ಒತ್ತಿದ. ಇಷ್ಟು ದಿನ ನಾನು ಗಮನಿಸಿರದ ಇನ್ನೊಂದು ಕಿಟಕಿ ತೆರೆದುಕೊಂಡಿತು. ಮೇಲೆ ಉಷಾಳ ಫೋಟೋ, ನೀಲಿ ದುಪಟ್ಟದ್ದು, ನಾನೇ ತೆಗೆದದ್ದು. ಅವಳ ವಾಟ್ಸಾಪ್ ಇನ್ನೂ ಜೀವಂತವಾಗಿತ್ತು.

ಅದರಲ್ಲಿ ಒಂದರ ಕೆಳಗೆ ಒಂದು, ಲಕ್ಷ್ಮಕ್ಕ ಕಳಿಸಿದ ಧ್ವನಿ ಸಂದೇಶಗಳು. ಬರೆಯಲು ಬಾರದವಳು ಮಾತಾಡಿ ಕಳಿಸಿದ್ದಳು. ಮೌಸ್ ಜಾರಿ ಒಂದರ ಮೇಲೆ ಒತ್ತಿತು.

"ಯವ್ವಾ ಉಷಾ, ಸಿಟ್ಟು ಮಾಡ್ಕೊಂಡೀಯೇನ? ಉಂಡಿ ಇಲ್ಲೋ ಅಷ್ಟರ ಹೇಳ..."

ಅಣ್ಣ ತಟಕ್ಕನೆ ಅದನ್ನು ನಿಲ್ಲಿಸಿದ. ಗೋಡೆಯ ಆಚೆ ಅದೇ ಗಂಟಲು ಓಬುಲೇಶ್ ಅವರನ್ನು ಏನೋ ಬೇಡಿಕೊಳ್ಳುತ್ತಿತ್ತು.

"ಕೇಳ್ಸ್ಕೊ ಅಮ್ಮಿ," ಅವನ ದನಿ ಮೆತ್ತಗಿತ್ತು. ಜ್ವರ ಬಂದಾಗ ಮಾತ್ರೆ ನುಂಗಿಸುವ ದನಿ. "ಆ ಮುದುಕಿ ಸುಮ್ಕಾಗ್ಬೇಕು ಅಂದ್ರೆ ಇನ್ನೊಂದು ಮೆಸೇಜು ಓಗ್ಬೇಕು. ಮದ್ವೆ ಆತು, ಚೆನ್ನಾಗಿದೀನಿ ಅಂತ. ಬರೋ ವಾರ. ಅದನ್ನ ನೀನೇ ಬರಿ."

"ನಾನಾ?"

"ನಿನ್ ಕೈಯಲ್ಲಿ ಇಂಥ ತಪ್ಪು ಬರಲ್ಲ."

ಅವನು ಹೊಗಳಿದ್ದ. ಕೆಲಸಕ್ಕೆ ಸೇರಿದ ಮೇಲೆ ಅಣ್ಣ ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು.

"ಬರಿಯಾಕಿಲ್ಲ ಅಂದ್ರೆ?"

"ಕಂಪ್ಯೂಟರು ಯಾರ ಎಸ್ರಲ್ಲೈತೆ? ಅವಳ ಪೋನನ್ನ ಇದಕ್ಕೆ ಜೋಡಿಸ್ದೋಳು ಯಾರು? ಇಡೀ ಲೈನೇ ನೋಡೈತೆ, ನೀನೂ ಅವಳೂ ಇಲ್ಲಿ ಕುಂತಿದ್ದನ್ನ." ಅಣ್ಣ ನನ್ನ ತಲೆ ಸವರಿದ. "ಪೊಲೀಸ್ನೋರು ಮೊದ್ಲು ಯಾರ ಕೈ ಇಡೀತಾರೆ ಯೋಳು? ನೀನು ನಾಕು ಜನದ ಮುಂದೆ ನಿಂತು ನಿನ್ನೆಸ್ರು ಯೋಳಾಕೇ ನಡುಗ್ತೀಯ. ಸ್ಟೇಷನ್‌ನಲ್ಲಿ ಏನ್ ಯೋಳ್ತೀಯ? ಮೂರ್ ಸಾವ್ರದ ತೊಂಬತ್ತು ಅಂತಾನಾ?"

ಅವನು ಸ್ಟಿಕ್ಕರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಪ್ರಿಂಟಿಗೆಂದು ನಾನು ಇಳಿಸಿಕೊಂಡಿದ್ದ ಪ್ರತಿಯ ಮೊದಲ ಒ ಅನ್ನು ಅಳಿಸಿದ. ಕನ್ನಡಕ್ಕೆ ಬದಲಿಸಿ, ನಿಧಾನವಾಗಿ, ಹೊಸ ಒ ಒತ್ತಿದ. ಮಿಷನ್ನಿಗೆ ಮತ್ತೆ ಕೊಟ್ಟ. ಈ ಸಲ ಚೌಕವಿಲ್ಲದ ಸ್ಟಿಕ್ಕರ್ ಹೊರಬಂತು.

"ನೋಡು, ಈಗ ಸರೀಗೈತೆ," ಎಂದ. "ಬಾ. ಆವಮ್ಮ ನೀನು ಓದಿದ್ರೆ ನಂಬ್ತಾಳೆ. ಮೆತ್ತಗೆ ಓದು."

ಹೊರಗೆ ಮಿಷನ್ನುಗಳನ್ನು ನಿಲ್ಲಿಸಿದ್ದರು. ಚಹಾ ಹೊತ್ತು. ಟೈಲರುಗಳೆಲ್ಲ ಲೋಟ ಹಿಡಿದು ಇತ್ತಲೇ ಮುಖ ಮಾಡಿ ಕೂತಿದ್ದರು. ಓಬುಲೇಶ್ ತೊಡೆಯ ಮೇಲೆ ಫೈಲು ಬಿಚ್ಚಿ, ಸ್ಟಿಕ್ಕರನ್ನು ನನ್ನಿಂದ ತೆಗೆದುಕೊಂಡು, ಹಿಂದಿನ ಹಾಳೆ ಸುಲಿದು ಪೇಪರಿಗೆ ಅಂಟಿಸಿದರು.

"ಚಲೋ ಅಂಟ್ತು ನೋಡು. ಪ್ಯಾಂಟಿಗೆ ಅಂಟಿಸಿದಂಗ," ಎಂದರು. ವಾಗೀಶ್ ನಕ್ಕ. ಶಾಯಿ ಪ್ಯಾಡನ್ನು ತಾನೇ ತೆರೆದು ಲಕ್ಷ್ಮಕ್ಕನ ಮುಂದೆ ಹಿಡಿದ.

"ಒತ್ತವ್ವ, ಹೊತ್ತಾತು. ಅಳೋದಿದ್ರ ಬಸ್ನ್ಯಾಗ ಅಳು."

"ಏನು ಬರ್ದಾರ ಇದ್ರಾಗ?" ಲಕ್ಷ್ಮಕ್ಕ ಪೇಪರು ಮುಟ್ಟಿದಳು.

"ಮಗಳು ತಾನಾಗೇ ಹೋಗ್ಯಾಳ, ಹುಡುಕಾದು ಬ್ಯಾಡ, ನಂದೇನೂ ತಕರಾರಿಲ್ಲ ಅಂತ. ಇನ್ನೇನಿರ್ತೈತಿ?" ಎಂದರು ಓಬುಲೇಶ್.

"ಒತ್ತಿದ ಮ್ಯಾಲ ಹುಡುಕಲ್ಲೇನ್ರಿ?"

"ಯಾಕ ಹುಡುಕಬೇಕು?"

ಅವಳ ಹೆಬ್ಬೆರಳನ್ನು ವಾಗೀಶನೇ ಹಿಡಿದು ಪ್ಯಾಡಿಗೆ ಒತ್ತಿದ. ನೀಲಿಯಾದ ಬೆರಳನ್ನು ಅವಳು ಕೆಳಗಿಳಿಸದೆ, ಮೇಲೆಯೂ ಎತ್ತದೆ, ಗಾಳಿಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ತಾಯಿ, ನೀ ಓದಿದಾಕಿ. ಆಕಿ ಜೋಡಿ ಕುಂತು ಉಂಡಾಕಿ. ಇನ್ನೊಂದ್ಸಲ ಓದಿ ಹೇಳ. ಇದು ನನ್ ಮಗಳು ಬರ್ದಿದ್ದಾ?"

"ಓದಮ್ಮಿ," ಎಂದ ಅಣ್ಣ, ಹಿಂದಿನಿಂದ. ಅವನ ಕೈ ನನ್ನ ಭುಜದ ಮೇಲಿತ್ತು. ಬೆಚ್ಚಗಿತ್ತು.

ಪೇಪರನ್ನು ಕೈಗೆ ತೆಗೆದುಕೊಂಡೆ. ಮೊದಲ ಅಕ್ಷರ ಈಗ ಕನ್ನಡದ್ದೇ. ಸುಳ್ಳನ್ನು ಅಣ್ಣ ನೆಟ್ಟಗೆ ಮಾಡಿ ಕೊಟ್ಟಿದ್ದ. ಓದಲು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಯಾರೋ ಒಬ್ಬ ಟೈಲರ್ "ಓದಾಕೂ ನಾಚ್ಕಿ ನೋಡು ಈಕಿಗೆ" ಎಂದಳು, ಹತ್ತು ಜನ ನಕ್ಕರು. ಲಕ್ಷ್ಮಕ್ಕ ನಗಲಿಲ್ಲ, ಅಳಲೂ ಇಲ್ಲ. ನನ್ನ ತುಟಿಯನ್ನೇ ನೋಡುತ್ತಿದ್ದಳು. ಅವಳ ಬೆರಳಿನಿಂದ ಶಾಯಿ ಮಣಿಕಟ್ಟಿನ ಕಡೆ ಇಳಿಯುತ್ತಿತ್ತು. ಆ ಬೆರಳು ಕಾಗದಕ್ಕೆ ತಾಗಿದರೆ ಉಷಾಳನ್ನು ಹುಡುಕುವವರು ಈ ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ.

ಭುಜದ ಮೇಲಿನ ಕೈ ಸ್ವಲ್ಪ ಬಿಗಿಯಾಯಿತು.

"ಅಲ್ಲ ಲಕ್ಷ್ಮಕ್ಕ," ಎಂದೆ. ಆ ದನಿ ಕಟಿಂಗ್ ಟೇಬಲಿನ ಆಚೆ ತುದಿಯವರೆಗೂ ಹೋಯಿತು. "ಇದನ್ನ ಬರ್ದಿದ್ದು ನಮ್ಮಣ್ಣ."